ಬೆಂಕಿಯಿಲ್ಲದ ಹೊಗೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಾರ್ಬೆಕ್ಯೂ ಎಂಬ ಹೆಸರಿನಿಂದ ಪ್ರಸಿದ್ಧವಾದ, ಮಾಂಸವನ್ನು ಕಟ್ಟಿಗೆಯ ಹೊಗೆಯ ನಡುವೆ ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಪದ್ಧತಿಯು ಬಹುಕಾಲ ಬೆಂಕಿ ಕಾಯುವವರ ವಿದ್ಯೆಯಾಗಿತ್ತು. ಗುಲಾಮಗಿರಿಯ ಕಾಲದಲ್ಲಿ ನೆಲದಲ್ಲಿ ತೋಡಿದ ಗುಂಡಿಗಳ ಬಳಿ ರಾತ್ರಿಯಿಡೀ ಎಚ್ಚರವಿದ್ದು ಕೆಂಡ ಹರಡುತ್ತಿದ್ದವರು ಹೆಚ್ಚಾಗಿ ಆಫ್ರಿಕನ್ ಮೂಲದ ಅಡುಗೆಯವರು. ನಡು ಟೆಕ್ಸಾಸಿನಲ್ಲಿ ಅದಕ್ಕೆ ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳ ಸಂಪ್ರದಾಯವೂ ಕೂಡಿಕೊಂಡಿತು, ಮತ್ತು ಅಲ್ಲಿನ ಲಾಕ್‌ಹಾರ್ಟ್ ಎಂಬ ಸಣ್ಣ ಪಟ್ಟಣವನ್ನು 1999ರಲ್ಲಿ ರಾಜ್ಯದ ಜನಪ್ರತಿನಿಧಿ ಸಭೆಯೇ ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿಯೆಂದು ಗೌರವಿಸಿತು. ಈ ವಿದ್ಯೆಯನ್ನು ಮನೆಯ ಹಿತ್ತಿಲಿಗೆ ತಂದ ಸಲಕರಣೆಗಳಲ್ಲಿ ಎಲೆಕ್ಟ್ರಿಕ್ ಸ್ಮೋಕರ್ ಹೊಸಬರಿಗೆ ಎಲ್ಲಕ್ಕಿಂತ ಸುಲಭವೆಂಬ ಮಾತಿದೆ, ಅದು ನಿಜವೂ ಹೌದು. ಆದರೆ ಅದು ಏಕೆ ಸುಲಭವೆಂಬುದನ್ನು ಅರಿಯದೆ ಕೈಹಾಕಿದರೆ ಮೊದಲ ಮಾಂಸ ಕಹಿಯಾಗುವ ಸಂಭವವೇ ಹೆಚ್ಚು.

ನೋಡಲು ಸಣ್ಣ ಫ್ರಿಜ್ಜಿನಂತಿರುವ ಈ ಪೆಟ್ಟಿಗೆಯ ತಳದಲ್ಲಿ ವಿದ್ಯುತ್ ಕಾಯಿಲ್, ಅದರ ಮೇಲೆ ಮರದ ಚಕ್ಕೆಗಳ ತಟ್ಟೆ, ಅದಕ್ಕೂ ಮೇಲೆ ನೀರಿನ ಪಾತ್ರೆ ಮತ್ತು ಮಾಂಸವಿಡುವ ತಂತಿಯ ಅಂತಸ್ತುಗಳು ಇರುತ್ತವೆ. ಥರ್ಮೋಸ್ಟಾಟ್, ಅಂದರೆ ಶಾಖವನ್ನು ನಿಗದಿತ ಮಟ್ಟದಲ್ಲಿ ಹಿಡಿದಿಡುವ ಸಾಧನ, ಕಾಯಿಲನ್ನು ತಾನೇ ಹಚ್ಚಿ ಆರಿಸುತ್ತದೆ. ಭಾರತೀಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು ಎಂಬುದಕ್ಕೆ ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಾರೆ. ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಏಕೆಂದರೆ ಹೊಗೆ ಹುಟ್ಟಲು ಹಸಿ ಕಟ್ಟಿಗೆಯ ಸಂಪರ್ಕವೂ ಬೇಕು. ಸ್ಮೋಕರಿನ ಕಾಯಿಲ್ ಅಂಥದೇ ಕಾದ ಕಬ್ಬಿಣ. ಸೌದೆಯ ಒಲೆಯಲ್ಲಿ ಒಂದಾಗಿದ್ದ ಶಾಖ ಮತ್ತು ಹೊಗೆ ಇಲ್ಲಿ ಬೇರೆಬೇರೆಯಾಗಿವೆ. ಶಾಖದ ಹೊಣೆ ಯಂತ್ರದ್ದು, ಹೊಗೆಯ ಹೊಣೆ ಮನುಷ್ಯನದು, ಮತ್ತು ಮೊದಲ ಪ್ರಯತ್ನದ ಬಹುತೇಕ ಸೋಲು ಗೆಲುವುಗಳು ಈ ವಿಭಜನೆಯಿಂದಲೇ ಹುಟ್ಟುತ್ತವೆ.

ಹೊಸ ಪೆಟ್ಟಿಗೆಯೊಳಗೆ ತಯಾರಿಕೆಯ ಎಣ್ಣೆಯ ಅಂಶ ಉಳಿದಿರಬಹುದಾದ್ದರಿಂದ ಮಾಂಸವಿಡುವ ಮೊದಲು ಅದನ್ನು ಖಾಲಿಯಾಗಿಯೇ ಕೆಲವು ಗಂಟೆ ಹೆಚ್ಚಿನ ಶಾಖದಲ್ಲಿ ಕಾಯಿಸಿ, ಕೊನೆಯಲ್ಲಿ ಸ್ವಲ್ಪ ಚಕ್ಕೆ ಹಾಕಿ ಹೊಗೆಯಾಡಿಸುತ್ತಾರೆ. ಹೊಸ ಕಾವಲಿಯನ್ನು ಪಳಗಿಸುವುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಚಕ್ಕೆಗಳು ಹಿಕರಿ, ಓಕ್, ಸೇಬು, ಚೆರಿಯಂಥ ಗಟ್ಟಿ ಮರದವಾಗಿರಬೇಕು. ಪೈನ್ ಮುಂತಾದ ರಾಳದ ಮರಗಳು ಸಲ್ಲವು. ಮರಕ್ಕೆ ಬಿಗುವು ಕೊಡುವ ಲಿಗ್ನಿನ್ ಎಂಬ ದ್ರವ್ಯವು ಶಾಖಕ್ಕೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳು ಹೊರಟು, ಹೊಗೆಗೆ ಅದರ ರುಚಿಯನ್ನೂ ಪರಿಮಳವನ್ನೂ ಕೊಡುತ್ತವೆ. ಹೊಸಬರು ಮಾಡುವ ದೊಡ್ಡ ತಪ್ಪು ಹೊಗೆ ಹೆಚ್ಚಿದಷ್ಟೂ ರುಚಿ ಹೆಚ್ಚೆಂದು ತಟ್ಟೆ ತುಂಬ ಚಕ್ಕೆ ಸುರಿಯುವುದು. ಹಾಗೆ ತುಂಬಿದ ಚಕ್ಕೆ ಗಾಳಿ ಸಾಲದೆ ಕಮರಿದಾಗ ದಟ್ಟ ಬಿಳಿ ಹೊಗೆ ಎದ್ದು, ಅದರ ಜಿಗುಟು ಮಾಂಸದ ಮೇಲೆ ಕಹಿ ಲೇಪವಾಗಿ ಕೂರುತ್ತದೆ. ಕಿಂಡಿ ತೆರೆದಿಟ್ಟು, ಒಂದೊಂದು ಹಿಡಿ ಚಕ್ಕೆಯನ್ನು ಮೊದಲ ಮೂರು ನಾಲ್ಕು ಗಂಟೆ ಮಾತ್ರ ಹಾಕಿದರೆ, ಕಣ್ಣಿಗೆ ಕಂಡೂ ಕಾಣದ ತಿಳಿ ನೀಲಿ ಹೊಗೆ ಬರುತ್ತದೆ, ಅದೇ ಸಾಕು. ಚಕ್ಕೆಯನ್ನು ನೆನೆಸಿಡಬೇಕೆಂಬ ಸಲಹೆಯೂ ಪ್ರಚಲಿತವಾಗಿದೆ, ಆದರೆ ನೀರು ಮರದೊಳಕ್ಕೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಮೊದಲು ಬರುವುದು ಬರೀ ಆವಿ. ನೈಯಾಯಿಕರ ಹಸಿ ಕಟ್ಟಿಗೆ ಇಲ್ಲಿ ಉಪಯೋಗಕ್ಕೆ ಬಾರದು.

ಕೊಡಗಿನ ಹಳೆಯ ಮನೆಗಳಲ್ಲಿ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ಒಡ್ಡಿ ಒಣಗಿಸಿ ಮಳೆಗಾಲಕ್ಕೆ ಕಾದಿಡುವುದನ್ನು ಕಂಡ ಕನ್ನಡಿಗರು ಅಮೆರಿಕದಲ್ಲಿ ಈ ಪೆಟ್ಟಿಗೆಯನ್ನು ಕೊಂಡಾಗ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ದಿನಗಟ್ಟಲೆ ಒಣಗಿ ನೀರಿನಂಶ ಕಳೆದುಕೊಂಡ ಮಾಂಸ ಬೇಗ ಕೆಡುವುದಿಲ್ಲ. ಇಲ್ಲಿ ಬೆಂದ ಮಾಂಸ ರಸಭರಿತವಾಗಿಯೇ ಉಳಿಯುವುದರಿಂದ ಹೊಗೆಯ ಬಣ್ಣವಿದ್ದರೂ ಅದು ಮಾಮೂಲಿ ಅಡುಗೆಯೇ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಕಮರುವ ಮರದಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುವುದರಿಂದ ವಿದ್ಯುತ್ ಯಂತ್ರವೆಂದು ನಂಬಿ ಅದನ್ನು ಮನೆಯೊಳಗೆ ನಡೆಸುವುದಂತೂ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಸಂಸ್ಕರಿತ ಮಾಂಸದ ವ್ಯಾಖ್ಯೆಯಲ್ಲಿ ಹೊಗೆಯಾಡಿಸುವುದೂ ಸೇರಿರುವುದರಿಂದ, ಇದನ್ನು ಹಬ್ಬದ ಊಟವಾಗಿ ಉಳಿಸಿಕೊಳ್ಳುವುದೇ ವಿವೇಕ.

ಮೊದಲ ಬಾರಿಗೆ ಕೋಳಿಯನ್ನು ಆರಿಸಿಕೊಂಡವರಿಗೆ ಚರ್ಮ ರಬ್ಬರಿನಂತಾಗಿ ನಿರಾಶೆಯಾಗಬಹುದು. ಅನೇಕ ಪೆಟ್ಟಿಗೆಗಳ ಶಾಖ 135 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಅಷ್ಟರಲ್ಲಿ ಚರ್ಮ ಗರಿಗರಿಯಾಗದು, ಕೊನೆಗೆ ಬಿಸಿ ಓವನ್ನಿಗೆ ವರ್ಗಾಯಿಸಬೇಕು. ಹಂದಿಯ ಮುಂಗಾಲಿನ ಮೇಲ್ಭಾಗದ, ಕೊಬ್ಬು ಮತ್ತು ನಾರು ಹೆಣೆದುಕೊಂಡ ಭುಜದ ತುಂಡು ಹೊಸಬರ ತಪ್ಪುಗಳನ್ನು ಹೆಚ್ಚು ಸಹಿಸಿಕೊಳ್ಳುತ್ತದೆ. ಉಪ್ಪು, ಕರಿಮೆಣಸು, ಕಂದು ಸಕ್ಕರೆ, ಕೆಂಪು ಪ್ಯಾಪ್ರಿಕಾ ಪುಡಿ ಸವರಿ, ಸುಮಾರು 107 ಡಿಗ್ರಿಯಲ್ಲಿ ಇಟ್ಟರೆ ನಾಲ್ಕು ಕಿಲೋ ತೂಕದ ತುಂಡಿಗೆ ಹನ್ನೆರಡು ಗಂಟೆಗೂ ಮೀರಿ ಹಿಡಿಯಬಹುದು. ಮಾಂಸದ ಒಳಗಿನ ಶಾಖ ಮೊದಲು ಸರಾಗವಾಗಿ ಏರಿ, 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ. ಸ್ಟಾಲ್ ಎಂದು ಕರೆಯಲಾಗುವ ಈ ಸ್ತಂಭನವನ್ನು ಕಂಡು ಯಂತ್ರ ಕೆಟ್ಟಿತೆಂದು ಗಾಬರಿಗೊಂಡು ಮತ್ತೆ ಮತ್ತೆ ಬಾಗಿಲು ತೆರೆಯುವವರಿದ್ದಾರೆ, ಹಾಗೆ ಮಾಡಿದಷ್ಟೂ ಒಳಗಿನ ಬಿಸಿ ಸೋರಿ ಬೇಯುವುದು ಇನ್ನಷ್ಟು ತಡವಾಗುತ್ತದೆ. ಸ್ತಂಭನದ ಕಾರಣ ಸರಳ: ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆಯೇ, ಮಾಂಸದ ಮೇಲ್ಮೈಯ ತೇವ ಆವಿಯಾಗುತ್ತ ಯಂತ್ರ ಕೊಡುವ ಶಾಖವನ್ನು ಅಷ್ಟಕ್ಕಷ್ಟೇ ಹೊತ್ತೊಯ್ಯುತ್ತಿರುತ್ತದೆ. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಆವಿ ತಡೆದು ಶಾಖ ಮತ್ತೆ ಏರುತ್ತದೆ, ಮೇಲಿನ ಕಪ್ಪು ಪದರ ಮಾತ್ರ ಸ್ವಲ್ಪ ಮೆತ್ತಗಾಗುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಪ್ರಕಾರ ಹಂದಿಯ ಇಡೀ ತುಂಡು 63 ಡಿಗ್ರಿಗೆ ಬಂದು ಮೂರು ನಿಮಿಷ ಆರಿದರೆ ತಿನ್ನಲು ಸುರಕ್ಷಿತ, ಕೋಳಿಗೆ 74 ಬೇಕು. ಆದರೆ ಭುಜದ ತುಂಡು 63ರಲ್ಲಿ ಅಗಿಯಲಾರದಷ್ಟು ಗಟ್ಟಿ. ನಾರಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಕರಗಿ ಜೆಲಟಿನ್ ಆಗಿ ಮಾಂಸ ಬೆಣ್ಣೆಯಾಗಲು 90ರಿಂದ 96 ಡಿಗ್ರಿಯವರೆಗೆ ಕಾಯಬೇಕಾದ್ದರಿಂದ, ಗಡಿಯಾರಕ್ಕಿಂತ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರನ್ನೇ ನಂಬಬೇಕು. ಸೌದೆಯ ಬೆಂಕಿಯಲ್ಲಿ ಬೆಂದ ಮಾಂಸವನ್ನು ಕತ್ತರಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ಪಟ್ಟಿ ಈ ಪೆಟ್ಟಿಗೆಯಲ್ಲಿ ಮಸುಕಾಗಿರುತ್ತದೆ. ಆ ಬಣ್ಣವನ್ನು ಹಿಡಿದಿಡುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉರಿಯುವ ಜ್ವಾಲೆ ಕೊಡುವಷ್ಟು ಕಮರುವ ಚಕ್ಕೆ ಕೊಡಲಾರದು. ಪಟ್ಟಿಗೆ ತನ್ನದೇ ರುಚಿಯಿಲ್ಲವಾದ್ದರಿಂದ ಅದಕ್ಕಾಗಿ ಮರುಗಬೇಕಿಲ್ಲ. ಹಾಳೆಯಲ್ಲಿ ಸುತ್ತಿದ ತುಂಡನ್ನು ಒಂದು ಗಂಟೆ ಹಾಗೆಯೇ ಬಿಟ್ಟು, ನಂತರ ಬಿಚ್ಚಿ ಹೆಗಲೆಲುಬನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದಾಗ, ಮಾಂಸದ ಒಂದು ಎಳೆಯೂ ಅಂಟದೆ ಅದು ಬಿಳಿಯಾಗಿ ಜಾರಿ ಬಂದರೆ ಬೇಯುವುದು ಮುಗಿದಿದೆ.