ಔಷಧಿಗೆ 21 ರೂಪಾಯಿ, ಮನೆ ಬಾಗಿಲಿಗೆ 50

ಅಮೆರಿಕದಲ್ಲಿ ಮಕ್ಕಳ ವಿಟಮಿನ್ ಮಾರುವ ಸಣ್ಣಪುಟ್ಟ ಕಂಪನಿಗಳ ನಡುವೆ ಒಂದು ಒಳ್ಳೆಯ ರೂಢಿ ಇದೆ. ಅಲ್ಲಿ ಒಂದು ಬಾಟಲಿ ಮಾರಾಟವಾದರೆ, ಬಡ ದೇಶದ ಒಂದು ಮಗುವಿಗೆ ವರ್ಷದ ವಿಟಮಿನ್. ಇಂಥ ದಾನವನ್ನು ಒಟ್ಟುಗೂಡಿಸುವ ಸಂಸ್ಥೆಗಳಲ್ಲಿ ಕ್ಯಾಲಿಫೋರ್ನಿಯಾದ ವಿಟಮಿನ್ ಏಂಜೆಲ್ಸ್ ಮುಖ್ಯವಾದುದು. 1994ರಲ್ಲಿ ಅದನ್ನು ಕಟ್ಟಿದ ಹೊವಾರ್ಡ್ ಶಿಫರ್ ಅವರೂ ವಿಟಮಿನ್ ವ್ಯಾಪಾರದಿಂದಲೇ ಬಂದವರು. ಭಾರತದಲ್ಲೂ ಅದರ ಕೆಲಸ ನಡೆದಿದೆ. ಎರಡು ಡೋಸ್ ವಿಟಮಿನ್ 'ಎ'ಗೆ ಒಂದು ಮಗುವಿಗೆ ವರ್ಷಕ್ಕೆ 25 ಸೆಂಟ್ ಸಾಕೆಂಬುದು ಅವರು ಬಹುಕಾಲ ಹೇಳಿಕೊಂಡು ಬಂದ ಲೆಕ್ಕ. ಡಾಲರಿಗೆ 85 ರೂಪಾಯಿ ಹಿಡಿದರೆ 21 ರೂಪಾಯಿ ಚಿಲ್ಲರೆ.

ಆ 21 ರೂಪಾಯಿ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಂಥ ಊರಿಗೆ ಬಂತು ಅಂದುಕೊಳ್ಳಿ. ವಿಟಮಿನ್ 'ಎ' ಇಲ್ಲಿ ಸರ್ಕಾರವೇ ಕೊಡುತ್ತದೆ. ಒಂಬತ್ತನೇ ತಿಂಗಳಲ್ಲಿ 1 ಮಿ.ಲೀ., ಆಮೇಲೆ ಐದು ವರ್ಷ ತುಂಬುವವರೆಗೆ 2 ಮಿ.ಲೀ.ನಂತೆ ಎಂಟು ಸಲ. ಒಟ್ಟು ಒಂಬತ್ತು ಡೋಸ್, 17 ಲಕ್ಷ ಯೂನಿಟ್. 100 ಮಿ.ಲೀ. ಬಾಟಲಿಯ ಜೊತೆಗೇ ಚಮಚ ಇರುತ್ತದೆ. ಮೊದಲ ಡೋಸ್‌ಗೆ ಅರ್ಧ ಚಮಚ, ಮುಂದಿನವಕ್ಕೆ ಪೂರ್ತಿ. ಮುಚ್ಚಳ ತೆಗೆದ ಬಾಟಲಿಯನ್ನು ಎಂಟು ವಾರದೊಳಗೆ ಮುಗಿಸಬೇಕು.

ಆದರೆ ನಮ್ಮ ಮಕ್ಕಳನ್ನು ಹೆಚ್ಚು ಕಾಡುತ್ತಿರುವುದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ ಕರ್ನಾಟಕದಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಶೇ. 26.1ರಿಂದ 19.5ಕ್ಕೆ ಇಳಿದರು. ಸಂತೋಷದ ಸಂಗತಿ. ಅದೇ ಅವಧಿಯಲ್ಲಿ ಐದು ವರ್ಷದೊಳಗಿನ ಮಕ್ಕಳ ರಕ್ತಹೀನತೆ ಶೇ. 60.9ರಿಂದ 65.5ಕ್ಕೆ ಏರಿತು. ಮೂವರಲ್ಲಿ ಇಬ್ಬರು ಅಂದ ಹಾಗಾಯಿತು.

ಇದಕ್ಕೂ ಸಿರಪ್ ಇದೆ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಅದರಲ್ಲಿ 20 ಮಿ.ಗ್ರಾಂ ಕಬ್ಬಿಣಾಂಶ. ವಿಟಮಿನ್ 'ಎ' ವರ್ಷಕ್ಕೆ ಎರಡು ಸಲವಾದರೆ ಇದು 104 ಸಲ! 50 ಮಿ.ಲೀ. ಬಾಟಲಿ ಎರಡಿದ್ದರೆ ವರ್ಷ ಬಹುಪಾಲು ಕಳೆಯುತ್ತದೆ. ಕಷ್ಟವಿರುವುದು 104 ಸಲ ನೆನಪಿಟ್ಟು ಕುಡಿಸುವುದರಲ್ಲಿ. ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ತಾಯಿ ಹೊತ್ತು ಮೂಡುವ ಮುನ್ನವೇ ಹೊಲದ ದಾರಿ ಹಿಡಿದಿರುತ್ತಾಳೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ. ಪಕ್ಕದವರನ್ನು ಕೇಳಿದರೆ "ಗುಳೇ ಹೋಗ್ಯಾರ್ರೀ" ಎನ್ನುತ್ತಾರೆ.

ಆ ಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆ. ಮಗುವಿನ 3, 6, 9, 12, 15ನೇ ತಿಂಗಳಲ್ಲಿ ಐದು ಭೇಟಿ, ಭೇಟಿಗೆ 50 ರೂಪಾಯಿ ಪ್ರೋತ್ಸಾಹಧನ. ಒಂದೇ ಭೇಟಿಯ ಬೆಲೆ ಅಮೆರಿಕದ ಆ ವರ್ಷದ ದಾನದ ಎರಡು ಪಟ್ಟಿಗಿಂತ ಹೆಚ್ಚು. ಅಂಗನವಾಡಿಯ ಊಟದ ಲೆಕ್ಕ ಇನ್ನೂ ದೊಡ್ಡದು: ದಿನಕ್ಕೆ 8 ರೂಪಾಯಿ, 300 ದಿನಕ್ಕೆ 2,400. ಎಂಟು ರೂಪಾಯಿಯಲ್ಲಿ ನಿಯಮದಷ್ಟು ಪೌಷ್ಟಿಕಾಂಶ ಕೊಡುವುದು ಎಷ್ಟು ಕಷ್ಟವೆಂದು ಅಡುಗೆ ಮಾಡುವ ಸಹಾಯಕಿಗೇ ಗೊತ್ತು.

ಹೊರದೇಶದ ಹಣ ನೇರವಾಗಿ ಇಲ್ಲಿನ ಚಿಕ್ಕ ಟ್ರಸ್ಟಿಗೆ ಬರುವುದೂ ಸುಲಭವಲ್ಲ. ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿ, ಅಷ್ಟರಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಚಿಕ್ಕದಕ್ಕೆ ದಾಟಿಸುವಂತಿಲ್ಲ.

ಹಾಗಿದ್ದೂ ಆ ದಾನವನ್ನು ನಾನು ಹಗುರವಾಗಿ ಕಾಣಲಾರೆ. ಒಂದು ಸಣ್ಣ ಕಂಪನಿ 10,000 ಬಾಟಲಿ ಮಾರಿತು ಎನ್ನಿ. 2,500 ಡಾಲರ್, ಅಂದರೆ 2,12,500 ರೂಪಾಯಿ. ಅದನ್ನು ಹನಿಗೆ ಹಾಕದೆ ಹೆಜ್ಜೆಗೆ ಹಾಕಿದರೆ, 50 ರೂಪಾಯಿಯ ದರದಲ್ಲಿ 4,250 ಭೇಟಿ. 850 ಮಕ್ಕಳ ಮನೆಗೆ ಐದೈದು ಸಲ ಒಬ್ಬರು ಹೋಗಿ, ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಸಿರಪ್ ಎಷ್ಟು ಇಳಿದಿದೆ ಎಂದು ನೋಡಬಹುದು.