ಸೂಜಿ ಚುಚ್ಚುವ ಮೊದಲು ಒಂದು ಮಾತು ಹೇಳಿ

ರಾತ್ರಿ ಊಟದ ಹೊತ್ತಿನ ಬುಲೆಟಿನ್‌ನಲ್ಲಿ ಮುಟ್ಟು, ಗರ್ಭ ಅಂತೆಲ್ಲ ಮಾತಾಡಬೇಡಿ ಸಾರ್, ಮನೆಮಂದಿಯೆಲ್ಲ ಕೂತು ನೋಡ್ತಾರೆ ಅಂತ ನನಗೆ ಬುದ್ಧಿ ಹೇಳುವವರಿದ್ದಾರೆ. ಮನೆಮಂದಿಯೆಲ್ಲ ಕೂತಿರುವಾಗಲೇ ಹೇಳಬೇಕಾದ ವಿಷಯ ಇದು. ಸೂಜಿ ಹಾಕಿಸಿಕೊಳ್ಳೋದು ಸೊಸೆ ಒಬ್ಬಳೇ ಆದರೂ, 'ಯಾಕಮ್ಮ ಇನ್ನೂ ಮುಟ್ಟಾಗಿಲ್ಲ' ಅಂತ ಕೇಳುವವರು ಮನೆ ತುಂಬ ಇರ್ತಾರೆ.

ನಾನು ಹೇಳ್ತಿರೋದು 'ಅಂತರಾ' ಬಗ್ಗೆ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಹೆಸರಿನಲ್ಲಿ ಗರ್ಭನಿರೋಧಕ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಗಳಿಗೆ ತಂದಿತು. ದುಡ್ಡು ಕೊಡಬೇಕಿಲ್ಲ. ಒಳಗಿರೋದು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್ ಎಂಬ ಹಾರ್ಮೋನು, 150 ಮಿಲಿಗ್ರಾಂ. ಖಾಸಗಿಯಲ್ಲಿ ಡೆಪೊ ಪ್ರೊವೆರಾ ಅಂತ 1990ರ ದಶಕದಿಂದಲೂ ಸಿಗುತ್ತಿದ್ದದ್ದು ಇದೇ ಔಷಧ. ಸ್ನಾಯುವಿನೊಳಗೆ ಕೂತು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತೆ. ಅಂಡಾಶಯದಿಂದ ಅಂಡ ಹೊರಬರದಂತೆ ತಡೆಯುತ್ತೆ, ಗರ್ಭಕೋಶದ ಬಾಯಿಯ ಲೋಳೆಯನ್ನು ದಪ್ಪ ಮಾಡುತ್ತೆ. ಒಂದು ಸೂಜಿಗೆ ಮೂರು ತಿಂಗಳು. ಹಾಕಿಸಿಕೊಂಡ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು; ಔಷಧ ಬೇಗ ಕರಗಿಬಿಡುತ್ತೆ.

ನಮ್ಮಲ್ಲಿ ಕುಟುಂಬ ಯೋಜನೆ ಅಂದ್ರೆ ಒಂದೇ ಅರ್ಥ, ಹೆಂಗಸಿನ ಆಪರೇಷನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಗಂಡಸರ ಲೆಕ್ಕ? ಸೊನ್ನೆಯ ಹತ್ತಿರ! ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಬಿಡುವು ಬೇಕು ಅನ್ನುವ ಹುಡುಗಿಗೆ ಆಪರೇಷನ್ ಉತ್ತರವಲ್ಲ. ಅಂಥವಳಿಗೆ ಈ ಸೂಜಿ ಒಂದು ದಾರಿ. ಹೆರಿಗೆಯಾಗಿ ಆರು ವಾರದ ನಂತರ, ಮಗುವಿಗೆ ಹಾಲೂಡಿಸುತ್ತಿದ್ದರೂ ಹಾಕಿಸಿಕೊಳ್ಳಬಹುದು. ಆದರೂ ಇಡೀ ದೇಶದಲ್ಲಿ ಇದನ್ನು ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ.

ಯಾಕಿಲ್ಲ? ಒಂದು ದೊಡ್ಡ ಕಾರಣ, ಹೇಳಬೇಕಾದ್ದನ್ನು ಹೇಳದೆ ಇರೋದು. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸಿಕೊಳ್ಳಬಹುದು. ಆಮೇಲೆ ಎಷ್ಟೋ ಜನರಿಗೆ ಮುಟ್ಟು ನಿಂತೇ ಹೋಗುತ್ತೆ. 'ಕೆಟ್ಟ ರಕ್ತ ಒಳಗೇ ಉಳೀತು' ಅಂತ ಅತ್ತೆ ಗಾಬರಿಯಾಗ್ತಾರೆ. ಉಳಿಯೋಕೆ ರಕ್ತವೇ ಇರೋದಿಲ್ಲ, ತಾಯಿ! ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯದ ಕಾರಣ ಉದುರುವುದಕ್ಕೆ ಏನೂ ಇಲ್ಲ, ಅಷ್ಟೇ. ಈ ಮಾತನ್ನು ಮೊದಲೇ ಹೇಳಿದ್ದರೆ ಅವಳು ಎರಡನೆಯ ಸೂಜಿಗೆ ಬರುತ್ತಾಳೆ. ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾಳೆ. ಹೆಚ್ಚಿನ ಸಲ ಬೇರೆ ಉಪಾಯವನ್ನೂ ಮಾಡದೆ.

ಬಂಜೆಯಾಗ್ತಾರೆ ಅನ್ನೋದು ಸುಳ್ಳು. ಆದರೆ ಸೂಜಿ ಬಿಟ್ಟ ಮರುತಿಂಗಳೇ ಬಸಿರಾಗಬಹುದು ಅಂದುಕೊಳ್ಳೋದೂ ತಪ್ಪು. ಕೊನೆಯ ಸೂಜಿಯಿಂದ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತೆ. ಮುಂದಿನ ವರ್ಷವೇ ಮಗು ಬೇಕು ಅನ್ನುವವರಿಗೆ ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕೆಲವರಿಗೆ ತೂಕ ಏರುತ್ತೆ. ಬಳಸುವಷ್ಟು ಕಾಲ ಮೂಳೆಯ ಸಾಂದ್ರತೆ ಕಡಿಮೆಯಾಗುತ್ತೆ, ಬಿಟ್ಟ ಮೇಲೆ ಬಹುಪಾಲು ವಾಪಸಾಗುತ್ತೆ. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲೇ ಈ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿಸಿದರು. 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು, ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲಿ ಮೆನಿಂಜಿಯೋಮಾ, ಅಂದ್ರೆ ಮೆದುಳಿನ ಪೊರೆಯ ಗೆಡ್ಡೆಗೆ ಆಪರೇಷನ್ ಬೇಕಾಗುವ ಸಾಧ್ಯತೆ ಐದು ಪಟ್ಟಿಗೂ ಹೆಚ್ಚು ಅಂತ ಕಂಡುಕೊಂಡಿತು. ಗೆಡ್ಡೆಯೇ ಬಲು ಅಪರೂಪದ್ದು, ಬಹುತೇಕ ಕ್ಯಾನ್ಸರ್ ಅಲ್ಲ. ಐದು ಪಟ್ಟು ಅನ್ನೋದನ್ನು ಮಾತ್ರ ಕೆಂಪು ಪಟ್ಟಿಯಲ್ಲಿ ಓಡಿಸಿದ್ರೆ ಟಿಆರ್‌ಪಿ ಬರುತ್ತೆ, ಮಾಹಿತಿ ಬರೋದಿಲ್ಲ. ಹಾಗಂತ ಮುಚ್ಚಿಡೋದೂ ಬೇಡ.

ಮುಚ್ಚಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 1985ರಲ್ಲಿ ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಇನ್ನೊಂದು ಚುಚ್ಚುಮದ್ದಿನ ಪ್ರಯೋಗ ನಡೆಯುತ್ತಿತ್ತು. ಬಂದ ಬಡ ಹೆಂಗಸರಿಗೆ ಇದು ಪ್ರಯೋಗ ಅನ್ನುವುದೇ ಗೊತ್ತಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನಾದ ಮಹಿಳೆಯರು ಅದನ್ನು ಪತ್ತೆ ಮಾಡಿ, ಬೇರೆಯವರ ಜೊತೆ ಸೇರಿ 1986ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ಮುಗಿದದ್ದು 2000ದಲ್ಲಿ. ಡೆಪೊ ಪ್ರೊವೆರಾವನ್ನು ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸಬಾರದು ಅಂತ ಮಹಿಳಾ ಸಂಘಟನೆಗಳು ಅಷ್ಟು ವರ್ಷ ಹಟ ಹಿಡಿದದ್ದು ಸುಮ್ಮನೆ ಅಲ್ಲ. ಮಾತ್ರೆಯಾದರೆ ನಾಳೆಯೇ ಬಿಡಬಹುದು, ಕಾಪರ್-ಟಿಯಾದರೆ ತೆಗೆಸಬಹುದು. ಒಳಗೆ ಹೋದ ಸೂಜಿಯನ್ನು ವಾಪಸ್ ತೆಗೆಯೋರು ಯಾರು?

ಅದಕ್ಕೇ ಹಾಕಿಸಿಕೊಳ್ಳುವ ಮೊದಲು ಡಾಕ್ಟರ್ ಬಿಪಿ ನೋಡಲೇಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ತೀವ್ರ ಲಿವರ್ ಕಾಯಿಲೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ನೀವಾಗಿಯೇ ಹೇಳಿ. ಎಚ್‌ಐವಿಯಿಂದ ಇದು ಕಾಪಾಡೋದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಗಂಡನ ಸಹಿ ಬೇಕಿಲ್ಲ. ಕೇಳಿದರೆ ಯಾವ ನಿಯಮ ಅಂತ ತಿರುಗಿ ಕೇಳಿ. ಮುಂದಿನ ತಾರೀಖು ಬರೆದ ಕಾರ್ಡ್ ಜೋಪಾನವಾಗಿಟ್ಟುಕೊಳ್ಳಿ. ಜಾತ್ರೆಯೋ ತವರೋ ಅಂತ ತಾರೀಖು ತಪ್ಪಿದರೆ ಗಾಬರಿ ಬೇಡ, ಎರಡು ವಾರ ಮುಂಚೆಯೂ ಆಗುತ್ತೆ, ನಾಲ್ಕು ವಾರ ತಡವಾದರೂ ಆಗುತ್ತೆ. ಅದಕ್ಕೂ ತಡವಾಯಿತಾ, ಬಸಿರಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಹಾಕಿಸಿಕೊಳ್ಳಿ.