ಮುದಿ ಕಂಪ್ಯೂಟರಿಗೆ ಮದ್ದೋ, ಬೀಳ್ಕೊಡುಗೆಯೋ?

ಮನೆಯ ಹಳೆಯ ಕಂಪ್ಯೂಟರು ನಿಧಾನವಾದರೆ ಅದರ ಮಿದುಳೇ ಸವೆಯಿತೆಂದು ನಾವು ಭಾವಿಸುವುದುಂಟು. ಹಾಗಲ್ಲ, ಧೂಳು ತುಂಬಿ ಕಾವೇರದಿದ್ದರೆ ಪ್ರೊಸೆಸರು ಅಂದಿನ ವೇಗದಲ್ಲಿಯೇ ಇಂದೂ ಎಣಿಸುತ್ತದೆ. ಬೆಳೆದಿರುವುದು ತಂತ್ರಾಂಶಗಳ ಹೊರೆ.

ತಡವಾಗುವುದು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಲ್ಲಿ. ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೂ, ಬೇಕಾದ ಮಾಹಿತಿ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಹೆಡ್ಡು ಸರಿಯುವ ಕಾಲ ಬೇರೆ. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಇದರ ಹತ್ತರಲ್ಲೊಂದು ಪಾಲೂ ಬೇಡ. ಆದುದರಿಂದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು 4 ಜಿಬಿಯಿಂದ 8ಕ್ಕೆ ಏರಿಸಿದರೆ ಮುದಿಯಂತ್ರವೂ ಚುರುಕಾಗುವುದು.

ವೇಗವೊಂದೇ ಸಾಲದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಹಲವನ್ನು ಒಪ್ಪದು. ಅಂಥವಕ್ಕೆ ಲಿನಕ್ಸ್ ಹಾಕಿ ನೋಡಬಹುದು. ಅದೂ ಒಗ್ಗದಿದ್ದರೆ, ಇಲ್ಲವೆ ಮದರ್‌ಬೋರ್ಡೇ ಕೆಟ್ಟಿದ್ದರೆ, ಹೊಸದನ್ನು ಕೊಳ್ಳುವುದು ಯುಕ್ತ. ಸಾವಿರಾರು ರೂಪಾಯಿ ಸುರಿಯುವ ಮೊದಲು ರೋಗವನ್ನು ಅರಿಯುವುದು ಲೇಸಲ್ಲವೆ?